ಬಿಸಿ ಕುಕಿ ಸುಳ್ಳು ಹೇಳುತ್ತದೆ

ಮನೆಯಲ್ಲಿ ಬೆಲ್ಲದ ಪಾಕ ತೆಗೆಯುವುದನ್ನು ನೀವು ನೋಡಿಯೇ ಇರುತ್ತೀರಿ. ಅಜ್ಜಿ ಒಲೆಯ ಪಕ್ಕ ಒಂದು ಬಟ್ಟಲಲ್ಲಿ ತಣ್ಣೀರು ಇಟ್ಟುಕೊಳ್ತಾರೆ. ಕುದಿಯುವ ಪಾಕದ ಒಂದು ಹನಿಯನ್ನು ಅದಕ್ಕೆ ಬಿಡ್ತಾರೆ. ಬೆರಳಿನಲ್ಲಿ ಉರುಟಿದಾಗ ಮೆತ್ತಗಿನ ಉಂಡೆಯಾದರೆ ಅದು ಉಂಡೆ ಪಾಕ. ಇನ್ನೂ ಸ್ವಲ್ಪ ಹೊತ್ತು ಕುದಿಸಿ ಮತ್ತೊಂದು ಹನಿ ಬಿಟ್ಟರೆ ಅದು ಟಕ್ ಎಂದು ಮುರಿಯುತ್ತದೆ. ಚಿಕ್ಕಿಗೆ ಆ ಪಾಕವೇ ಬೇಕು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಮಕ್ಕಳಿಗೆ ಶೇಂಗಾ ಚಿಕ್ಕಿಯ ಈ ಪಾಠವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಈಗ ಯೋಚಿಸಿ. ಎರಡೂ ಒಂದೇ ಬೆಲ್ಲ, ಒಂದೇ ಪಾತ್ರೆ. ಹಾಗಾದರೆ ಒಂದು ಮೆತ್ತಗೆ, ಇನ್ನೊಂದು ಕಲ್ಲಿನಂತೆ ಯಾಕೆ? ವ್ಯತ್ಯಾಸ ಇರುವುದು ಉಳಿದ ನೀರಿನಲ್ಲಿ. ಸಕ್ಕರೆ ಪಾಕ ಸುಮಾರು 115 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರಲ್ಲಿ ನೂರಕ್ಕೆ ಹದಿನೈದು ಭಾಗದಷ್ಟು ನೀರು ಇನ್ನೂ ಇರುತ್ತದೆ. 150 ಡಿಗ್ರಿಗೆ ಬಂದಾಗ ಉಳಿಯುವುದು ಒಂದು ಭಾಗದಷ್ಟು ಮಾತ್ರ. ನೀರು ಇದ್ದರೆ ಸಕ್ಕರೆಯ ಅಣುಗಳು ಒಂದರ ಮೇಲೊಂದು ಜಾರಬಲ್ಲವು. ನೀರು ಹೋದರೆ ಅವು ಇದ್ದಲ್ಲೇ ಸಿಕ್ಕಿಬೀಳುತ್ತವೆ, ಗಾಜಿನ ಹಾಗೆ. ಇದರಲ್ಲೊಂದು ತಮಾಷೆಯೂ ಉಂಟು. ಒಲೆಯ ಮೇಲೆ ಇರುವಾಗ ಎರಡು ಪಾಕವೂ ನೀರಿನಂತೆಯೇ ಹರಿಯುತ್ತವೆ. ತಣಿದ ಮೇಲಷ್ಟೇ ಯಾವುದು ಯಾವುದೆಂದು ಗೊತ್ತಾಗುವುದು. ಅದಕ್ಕೇ ಅಜ್ಜಿಗೆ ಆ ತಣ್ಣೀರಿನ ಬಟ್ಟಲು.

ಮೆತ್ತನೆಯ, ಒಳಗೆ ಇನ್ನೂ ಹಸಿ ಹಸಿ ಅನ್ನಿಸುವ ಚಾಕಲೇಟ್ ಕುಕಿಯ ವಿಜ್ಞಾನವೂ ಇದೇ. ರಜೆಯಲ್ಲಿ ಮೊಬೈಲ್ ನೋಡಿ ಕುಕಿ ಮಾಡಿ, ಮರುದಿನ ಅದನ್ನು ಸುತ್ತಿಗೆಯಲ್ಲಿ ಒಡೆಯಬೇಕಾಗಿ ಬಂದ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿ ವರ್ಷ ಒಬ್ಬಿಬ್ಬರಾದರೂ ಇರ್ತಾರೆ. ಬೆಣ್ಣೆ, ಚಾಕಲೇಟು ಎರಡೂ ದುಬಾರಿ. ಒಮ್ಮೆ ಹಾಳಾದರೆ ಇನ್ನೊಮ್ಮೆ ಮಾಡಲು ಮನೆಯಲ್ಲಿ ಬಿಡುವುದಿಲ್ಲ. ಹಾಗಾಗಿ ಮೊದಲು ವಿಷಯ ತಿಳಿದುಕೊಂಡು ಆಮೇಲೆ ಒಲೆ ಹಚ್ಚುವುದು ಒಳ್ಳೆಯದು.

ಬಿಸ್ಕತ್ತು ಎಂಬ ಪದ ಬಂದದ್ದು 'ಎರಡು ಸಲ ಬೇಯಿಸಿದ್ದು' ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ಹಡಗಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರಲಿ ಎಂದು ಇದ್ದ ನೀರನ್ನೆಲ್ಲ ಓಡಿಸಿ ಒಣಗಿಸುತ್ತಿದ್ದರು. ಕುಕಿ ಡಚ್ ಪದ, 'ಪುಟ್ಟ ಕೇಕು' ಎಂದರ್ಥ. ಹೆಸರಿನಲ್ಲೇ ಜಾತಿ ಬೇರೆ ಅಲ್ವಾ? ಚಾಕಲೇಟು ತುಂಡು ಹಾಕಿದ ಕುಕಿಯನ್ನು ಪ್ರಸಿದ್ಧ ಮಾಡಿದವರು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ರೂತ್ ವೇಕ್‌ಫೀಲ್ಡ್. 1930ರ ದಶಕದಲ್ಲಿ ವಿಟ್‌ಮನ್ ಎಂಬ ಊರಿನಲ್ಲಿ ಗಂಡನ ಜೊತೆ ಟೋಲ್ ಹೌಸ್ ಎಂಬ ಹೋಟೆಲು ನಡೆಸುತ್ತಿದ್ದರು. ಅದು ಆಕಸ್ಮಿಕವಾಗಿ ಆದದ್ದೆಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಆಕೆ ಗೃಹವಿಜ್ಞಾನ ಓದಿದವರು. ಅಂಥವರು ಬೇಕೆಂದೇ ಮಾಡಿ ನೋಡಿದ್ದಾರೆ ಎಂದು ನಂಬುವುದು ನನಗೆ ಸುಲಭ.

ಈ ತಿಂಡಿ ಅಮೆರಿಕದ್ದಾದ ಕಾರಣ ಮೊಬೈಲಿನಲ್ಲಿ ಸಿಗುವ ಲೆಕ್ಕಗಳೂ ಅಲ್ಲಿಯವೇ. ಅಲ್ಲಿ '350 ಡಿಗ್ರಿ' ಎಂದರೆ ಫ್ಯಾರನ್‌ಹೀಟ್. 350ರಿಂದ 32 ಕಳೆಯಿರಿ, 5ರಿಂದ ಗುಣಿಸಿ, 9ರಿಂದ ಭಾಗಿಸಿ. ಸುಮಾರು 177 ಸೆಲ್ಸಿಯಸ್ ಬರುತ್ತದೆ. ನಮ್ಮ ಮನೆಗಳ ಸಣ್ಣ ಓವನಿನ ಗುಂಡಿಯಲ್ಲಿ ಹೆಚ್ಚಾಗಿ 250ರವರೆಗೆ ಮಾತ್ರ ಇರುವುದರಿಂದ, 350 ಕಾಣದೆ ಅದನ್ನು ಕೊನೆಯವರೆಗೂ ತಿರುಗಿಸಿಬಿಡುವ ಮಕ್ಕಳಿದ್ದಾರೆ. ಸುತ್ತಿಗೆಯ ಕಥೆ ಅರ್ಧ ಅಲ್ಲೇ ಶುರುವಾಗುವುದು.

ಇನ್ನು ಚಾಕಲೇಟಿನ ವಿಷಯ. ಕಾಸರಗೋಡಿನ ಮಕ್ಕಳೇ, ನಿಮ್ಮ ಅಡಿಕೆ ತೋಟದ ನಡುವೆ ಕಾಂಡಕ್ಕೇ ಅಂಟಿಕೊಂಡಂತೆ ಕಾಯಿ ಬಿಡುವ ಕೊಕ್ಕೊ ಗಿಡವನ್ನು ನೀವು ದಿನಾ ನೋಡ್ತೀರಿ. ಅಳಿಲಿಗೂ ಇಲಿಗೂ ಅದೆಂದರೆ ಪ್ರಾಣ. ಬೀಜದ ಸುತ್ತ ಇರುವ ಬಿಳಿ ಸಿಹಿ ತಿರುಳನ್ನು ನೀವೂ ಚೀಪಿರಬಹುದು. ಚಾಕಲೇಟಿನ ರುಚಿ ಅದರಲ್ಲಿ ಎಲ್ಲೂ ಇಲ್ಲ, ಬೀಜವನ್ನು ಕಚ್ಚಿದರೆ ಕಹಿ ಒಗರು ಮಾತ್ರ. ಹಸಿ ಬೀಜವನ್ನು ರಾಶಿ ಹಾಕಿ ಮುಚ್ಚಿ ಐದಾರು ದಿನ ಹುದುಗಲು ಬಿಡ್ತಾರೆ. ಯೀಸ್ಟು, ಆಮೇಲೆ ಬ್ಯಾಕ್ಟೀರಿಯಾಗಳು ತಿರುಳಿನ ಸಕ್ಕರೆಯನ್ನು ತಿಂದು ರಾಶಿಯನ್ನು 45ರಿಂದ 50 ಡಿಗ್ರಿವರೆಗೆ ಬಿಸಿ ಮಾಡ್ತವೆ. ಬೀಜದೊಳಗಿನ ಭ್ರೂಣ ಸಾಯುತ್ತದೆ, ಒಳಗಿನ ಪ್ರೋಟೀನು ಒಡೆಯುತ್ತದೆ. ಆಮೇಲೆ ಒಣಗಿಸಿ ಹುರಿದಾಗ ಆ ಪರಿಮಳ ಬರುವುದು. ಕೊಕ್ಕೊ ಕೊಳ್ಳುವವರಿಲ್ಲದೆ ಕೃಷಿಕರು ಕಂಗಾಲಾದ ಕಾಲವೂ ಇತ್ತು. ಕರ್ನಾಟಕ, ಕೇರಳ ಎರಡೂ ಕಡೆಯ ಅಡಿಕೆ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಮುಂದೆ ಕೊಕ್ಕೊವನ್ನೂ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ಶುರು ಮಾಡಿತು. 2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟಾಗ ಜಗತ್ತಿನ ಪೇಟೆಯಲ್ಲಿ ಕೋಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ನಿಮ್ಮ ಕೈಯಲ್ಲಿರುವ ಚಾಕಲೇಟು ತುಂಡು ಸುಮ್ಮನೆ ಬಂದದ್ದಲ್ಲ.

ಹುರಿದ ಕೋಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ. ಅದಕ್ಕೆ ಕೋಕೋ ಬೆಣ್ಣೆ ಎಂದು ಹೆಸರು. 1828ರಲ್ಲಿ ಹಾಲೆಂಡಿನ ವ್ಯಾನ್ ಹೌಟೆನ್ ಎಂಬವರು ಆ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಹಿಂಡಿದ ಮೇಲೆ ಉಳಿದದ್ದನ್ನು ಪುಡಿ ಮಾಡಿದರೆ ಕೋಕೋ ಪುಡಿ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ. ನಮ್ಮ ಬಾಯಿಯ ಉಷ್ಣತೆ ಅದಕ್ಕಿಂತ ಸ್ವಲ್ಪವೇ ಹೆಚ್ಚು. ಹಾಗಾಗಿ ಕೈಯಲ್ಲಿ ಗಟ್ಟಿ, ನಾಲಿಗೆಯಲ್ಲಿ ನೀರು. ಅಗ್ಗದ ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಹಾಕಿರ್ತಾರೆ. ಅದಕ್ಕೆ ಕಾಂಪೌಂಡ್ ಎಂಬ ಹೆಸರು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದಿ. ಕುಕಿಗೆ ಅದೂ ನಡೆಯುತ್ತದೆ, ಆದರೆ ತಿಂದಾಗ ಬಾಯಿಯಲ್ಲಿ ಮೇಣದ ಹಾಗೆ ಉಳಿದದ್ದು ಯಾಕೆಂದು ಆಮೇಲೆ ಕೇಳಬೇಡಿ.

ಹದಿನಾಲ್ಕು ಕುಕಿಗೆ ಬೇಕಾದದ್ದು ಇಷ್ಟು: ಮೈದಾ 100 ಗ್ರಾಂ, ಸಿಹಿ ಇಲ್ಲದ ಕೋಕೋ ಪುಡಿ 30 ಗ್ರಾಂ, ಬೆಣ್ಣೆ 80 ಗ್ರಾಂ, ಡಾರ್ಕ್ ಚಾಕಲೇಟು 100 ಗ್ರಾಂ, ಬೆಲ್ಲದ ಪುಡಿ 80 ಗ್ರಾಂ, ಸಕ್ಕರೆ 60 ಗ್ರಾಂ, ಒಂದು ಮೊಟ್ಟೆ, ಕಾಲು ಟೀ ಚಮಚ ಅಡುಗೆ ಸೋಡ, ಒಂದು ಚಿಟಿಕೆ ಉಪ್ಪು. ಅಂಗಡಿಯ ಬೆಣ್ಣೆಯಲ್ಲಿ ಉಪ್ಪು ಇದ್ದರೆ ಬೇರೆ ಹಾಕಬೇಡಿ. ತಕ್ಕಡಿಯಲ್ಲೇ ತೂಗಿ. ಲೋಟದ ಲೆಕ್ಕ ಬೇಡ, ಒತ್ತಿ ತುಂಬಿದ ಲೋಟಕ್ಕೂ ಸಡಿಲವಾಗಿ ತುಂಬಿದ್ದಕ್ಕೂ ಮೈದಾದಲ್ಲಿ ತುಂಬ ವ್ಯತ್ಯಾಸ ಬರುತ್ತದೆ.

ಪಟ್ಟಿಯಲ್ಲಿ ನೀರು ಕಾಣುವುದಿಲ್ಲ. ಆದರೂ ಹುಡುಕೋಣ. ಮೊಟ್ಟೆಯ ಸಿಪ್ಪೆ ಬಿಟ್ಟು ಸುಮಾರು 50 ಗ್ರಾಂ ತೂಕದಲ್ಲಿ ಮುಕ್ಕಾಲು ಪಾಲು ನೀರು, ಅಂದರೆ 37 ಗ್ರಾಂ ಆಸುಪಾಸು. ಬೆಣ್ಣೆಯಲ್ಲಿ ಸುಮಾರು 13 ಗ್ರಾಂ. ಒಣಗಿದಂತೆ ಕಾಣುವ ಮೈದಾದಲ್ಲೂ 12 ಗ್ರಾಂ. ಬೆಲ್ಲದಲ್ಲಿ ಒಂದಿಷ್ಟು. ಒಟ್ಟು 65 ಗ್ರಾಂ ಎಂದಿಟ್ಟುಕೊಳ್ಳಿ. ಹದಿನಾಲ್ಕರಿಂದ ಭಾಗಿಸಿದರೆ ಒಂದು ಕುಕಿಯ ಪಾಲಿಗೆ ಬಂದದ್ದು ನಾಲ್ಕೂವರೆ ಗ್ರಾಂ. ಒಂದು ಟೀ ಚಮಚವೂ ತುಂಬಲಿಲ್ಲ! ನಿಮ್ಮ ಕುಕಿ ಮೆತ್ತಗಾಗುತ್ತದೋ ಕಲ್ಲಾಗುತ್ತದೋ ಎಂಬುದು ಈ ನಾಲ್ಕೂವರೆ ಗ್ರಾಮಿನಲ್ಲಿ ಎಷ್ಟನ್ನು ನೀವು ಉಳಿಸಿಕೊಂಡಿರಿ ಎಂಬುದರ ಮೇಲೆ ನಿಂತಿದೆ. ಮೊಟ್ಟೆ ತಿನ್ನದ ಮನೆಯವರು ಅದರ ಬದಲು 45 ಮಿಲಿಲೀಟರ್ ಹಾಲು ಹಾಕಿ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರು. ಲೆಕ್ಕ ಮಾಡಿ ನೋಡಿ, ನೀರು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಮೊಟ್ಟೆಯ ಹಾಗೆ ಹಿಡಿದಿಡುವ ಗುಣ ಹಾಲಿಗೆ ಇಲ್ಲದ ಕಾರಣ ಕುಕಿ ಸ್ವಲ್ಪ ಪುಡಿ ಪುಡಿಯಾದೀತು, ತೊಂದರೆ ಇಲ್ಲ.

ಬೆಲ್ಲ ಯಾಕೆ, ಬರೀ ಸಕ್ಕರೆ ಆಗದೇ? ಆಟಿಯ ಮಳೆಗೆ ಮುಚ್ಚಳ ತೆರೆದಿಟ್ಟ ಬೆಲ್ಲದ ಡಬ್ಬಿ ನೋಡಿದ್ದೀರಲ್ಲ, ಬೆಲ್ಲ ಬೆವರಿ ಅಂಟಂಟಾಗಿರುತ್ತದೆ. ಬೆಲ್ಲದಲ್ಲಿ ಸುಕ್ರೋಸಿನ ಜೊತೆ ಗ್ಲೂಕೋಸು, ಫ್ರಕ್ಟೋಸು ಸ್ವಲ್ಪ ಇರುತ್ತವೆ. ಇವು, ಅದರಲ್ಲೂ ಫ್ರಕ್ಟೋಸು, ನೀರನ್ನು ಬಿಡದೆ ಹಿಡಿದುಕೊಳ್ತವೆ. ಜೊತೆಗೆ, ಸುಕ್ರೋಸು ಮತ್ತೆ ಹರಳುಗಟ್ಟದಂತೆ ಅಡ್ಡ ನಿಲ್ಲುತ್ತವೆ. ಅಮೆರಿಕದವರು ಇದೇ ಕೆಲಸಕ್ಕೆ ಕಂದು ಸಕ್ಕರೆ ಬಳಸುವುದು. ನಮ್ಮಲ್ಲಿ ಅದನ್ನು ಹೆಚ್ಚು ಹಣ ಕೊಟ್ಟು ತರಬೇಕಾಗಿಲ್ಲ.

ಈಗ ಕೆಲಸಕ್ಕೆ ಕೈ ಹಾಕೋಣ. ದೊಡ್ಡವರು ಒಬ್ಬರು ಜೊತೆಗಿರಲಿ. ಚಾಕಲೇಟಿನಲ್ಲಿ 60 ಗ್ರಾಮನ್ನು ತುಂಡು ಮಾಡಿ ಬೆಣ್ಣೆಯ ಜೊತೆ ಒಂದು ಪಾತ್ರೆಗೆ ಹಾಕಿ, ಅದನ್ನು ಬಿಸಿನೀರಿನ ಇನ್ನೊಂದು ಪಾತ್ರೆಯ ಮೇಲಿಟ್ಟು ಕರಗಿಸಿ. ನೇರ ಬೆಂಕಿ ಬೇಡ, ತಳ ಹತ್ತುತ್ತದೆ. ಬರೀ ಚಾಕಲೇಟು ಕರಗಿಸುವಾಗ ಒಂದು ಹನಿ ನೀರು ಬಿದ್ದರೂ ಅದು ಗಂಟು ಗಂಟಾಗಿ ಬಿಗಿದುಕೊಳ್ಳುತ್ತದೆ. ಕೊಬ್ಬಿನಲ್ಲಿ ತೇಲುತ್ತಿದ್ದ ಸಕ್ಕರೆಯ ಕಣಗಳು ಆ ಹನಿಯಿಂದ ಒದ್ದೆಯಾಗಿ ಒಂದಕ್ಕೊಂದು ಅಂಟುವುದೇ ಕಾರಣ. ವಿಚಿತ್ರವೆಂದರೆ ನೀರು ಇನ್ನಷ್ಟು ಹೆಚ್ಚಾದರೆ ಸಕ್ಕರೆ ಕರಗಿ ಅದೇ ಮತ್ತೆ ನುಣ್ಣಗಾಗುತ್ತದೆ. ಮೊಟ್ಟೆ ಹಾಕಿದಾಗ ಏನೂ ಆಗದಿರುವುದು ಅದಕ್ಕೇ.

ಕರಗಿದ್ದು ಉಗುರು ಬೆಚ್ಚಗಾಗುವವರೆಗೆ ಕಾಯಿರಿ. ಬಿಸಿಗೇ ಮೊಟ್ಟೆ ಒಡೆದು ಹಾಕಿದರೆ ಚಾಕಲೇಟ್ ಆಮ್ಲೆಟ್ ಆದೀತು. ಬೆಲ್ಲ, ಸಕ್ಕರೆ, ಮೊಟ್ಟೆ ಹಾಕಿ ಎರಡು ಮೂರು ನಿಮಿಷ ಚೆನ್ನಾಗಿ ಕದಡಿ, ಸಕ್ಕರೆ ಆದಷ್ಟು ಕರಗಲಿ. ಆಮೇಲೆ ಮೈದಾ, ಕೋಕೋ, ಸೋಡ, ಉಪ್ಪನ್ನು ಜರಡಿ ಹಿಡಿದು ಸೇರಿಸಿ. ಇಲ್ಲಿಂದ ಮುಂದೆ ಕೈ ನಿಧಾನ ಇರಲಿ. ಪರೋಟದ ಹಿಟ್ಟನ್ನು ಹೊಡೆದು ಹೊಡೆದು ನಾದುವುದು ಯಾಕೆ? ಮೈದಾದ ಪ್ರೋಟೀನುಗಳು ನೀರು ಕುಡಿದು, ನಾದಿದಷ್ಟೂ ಹೆಣೆದುಕೊಂಡು ಗ್ಲೂಟೆನ್ ಎಂಬ ರಬ್ಬರಿನಂಥ ಬಲೆ ಆಗ್ತವೆ. ಪರೋಟಕ್ಕೆ ಬೇಕಾದ ಅದೇ ಬಲೆ ಇಲ್ಲಿ ಬೇಡ. ಬಿಳಿ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಉಳಿದ 40 ಗ್ರಾಂ ಚಾಕಲೇಟನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ ಸೇರಿಸಿ.

ಸೋಡ ಕಾಲು ಚಮಚ ಎಂದರೆ ಕಾಲೇ ಚಮಚ. ಬೆಲ್ಲ, ಕೋಕೋಗಳಲ್ಲಿರುವ ಅಲ್ಪ ಆಮ್ಲದ ಜೊತೆ ಸೇರಿ ಅದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ನಿಮ್ಮ ಹತ್ತನೆಯ ತರಗತಿಯ ಪಾಠದಲ್ಲೇ ಇದೆ. ಹೆಚ್ಚಾದ ಸೋಡ ಬಿಸಿಗೆ ಒಡೆದು ಸೋಡಿಯಂ ಕಾರ್ಬೊನೇಟ್ ಆಗಿ ಉಳಿದುಬಿಡುತ್ತದೆ. ಅದು ವಾಷಿಂಗ್ ಸೋಡ. ಸಾಬೂನು ನೆಕ್ಕಿದ ರುಚಿ ಬಂದರೆ ಕಾರಣ ಅದೇ ಎಂದು ತಿಳಿಯಿರಿ.

ಹಿಟ್ಟು ನೋಡಿದರೆ ಬಾಯಲ್ಲಿ ನೀರು ಬರುತ್ತದೆ, ಗೊತ್ತು. ಆದರೂ ನೆಕ್ಕಬೇಡಿ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಇರಬಹುದೆಂದು ಹೆಚ್ಚಿನವರಿಗೆ ಗೊತ್ತು, ಬೇಯಿಸದ ಮೈದಾದಲ್ಲೂ ರೋಗಾಣು ಇರಬಹುದೆಂದು ಗೊತ್ತಿರುವವರು ಕಡಿಮೆ. ಗೋಧಿ ಹೊಲದಿಂದ ಬಂದದ್ದು, ಗಿರಣಿಯಲ್ಲಿ ಅದನ್ನು ಯಾರೂ ಬೇಯಿಸಿರುವುದಿಲ್ಲ.

ಹಿಟ್ಟನ್ನು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಬೆಣ್ಣೆ ಗಟ್ಟಿಯಾದರೆ ಬಿಸಿಗೆ ತಕ್ಷಣ ಹರಿದು ಹಪ್ಪಳದಂತೆ ಅಗಲವಾಗುವುದಿಲ್ಲ. ತೆಳ್ಳಗೆ ಹರಡಿದಷ್ಟೂ ನೀರು ಬೇಗ ಹೋಗುತ್ತದೆ ಎಂಬುದು ಒದ್ದೆ ಬಟ್ಟೆ ಹರವಿದವರಿಗೆಲ್ಲ ಗೊತ್ತು. 35 ಗ್ರಾಮಿನ ಉಂಡೆಗಳನ್ನು ಕಟ್ಟಿ, ಎಣ್ಣೆ ಕಾಗದ ಹಾಸಿದ ತಟ್ಟೆಯಲ್ಲಿ ಮೂರು ಬೆರಳಿನಷ್ಟು ದೂರ ದೂರ ಇಟ್ಟು, ಅಂಗೈಯಿಂದ ಮೆಲ್ಲ ತಟ್ಟಿ. ಮೊದಲೇ 175 ಡಿಗ್ರಿಗೆ ಕಾಯಿಸಿದ ಓವನಿನಲ್ಲಿ ಹತ್ತು ನಿಮಿಷ ಸಾಕು.

ಓವನು ಇಲ್ಲದವರೇ ಹೆಚ್ಚು, ಅದಕ್ಕೂ ದಾರಿ ಉಂಟು. ದಪ್ಪ ತಳದ ಹಳೆಯ ದೊಡ್ಡ ಪಾತ್ರೆಗೆ ತೊಳೆದು ಪೂರ್ತಿ ಒಣಗಿಸಿದ ಮರಳನ್ನು ಎರಡು ಸೆಂಟಿಮೀಟರ್ ಹಾಕಿ. ಅದರ ಮೇಲೆ ಒಂದು ಲೋಹದ ಸ್ಟ್ಯಾಂಡು ಇಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕಾಯಿಸಿ. ಆಮೇಲೆ ಕುಕಿಯ ತಟ್ಟೆ ಒಳಗಿಟ್ಟು ಉರಿ ಸಣ್ಣ ಮಾಡಿ. ಮರಳು ಉರಿಯ ಬಿಸಿಯನ್ನು ಹಿಡಿದಿಟ್ಟು ಎಲ್ಲ ಕಡೆಗೂ ಸಮನಾಗಿ ಹಂಚುತ್ತದೆ. ನಿಮ್ಮ ಪಾತ್ರೆಯ ಉಷ್ಣತೆ ನನಗೆ ಗೊತ್ತಿರುವುದಿಲ್ಲವಾದ್ದರಿಂದ ಮೊದಲು ಒಂದೇ ಕುಕಿ ಇಟ್ಟು ಹತ್ತು ನಿಮಿಷದಿಂದ ನೋಡುತ್ತಾ ಬನ್ನಿ, ಹದಿನೈದರವರೆಗೂ ಹೋದೀತು. ಪ್ರೆಷರ್ ಕುಕ್ಕರನ್ನು ಖಾಲಿ ಕಾಯಿಸುವುದು ನನಗೆ ಇಷ್ಟವಿಲ್ಲ, ಕುಕ್ಕರಿಗೂ ಒಳ್ಳೆಯದಲ್ಲ.

ಎಲ್ಲರೂ ಎಡವುವುದು ಇನ್ನು ಮುಂದೆಯೇ. ಹತ್ತು ನಿಮಿಷವಾಯಿತು, ತೆರೆದು ನೋಡ್ತೀರಿ. ಅಂಚು ಗಟ್ಟಿಯಾಗಿ ಹೊಳಪು ಕಳೆದುಕೊಂಡಿದೆ. ನಡುವೆ ಮಾತ್ರ ಇನ್ನೂ ಹೊಳೆಯುತ್ತಿದೆ, ಮುಟ್ಟಿದರೆ ಬೆರಳು ಇಳಿಯುತ್ತದೆ. ಹಿಂದಿನಿಂದ ಅಮ್ಮನೋ ಅಕ್ಕನೋ, "ಅಯ್ಯೋ, ಇದು ಬೆಂದೇ ಇಲ್ಲ, ಇನ್ನೂ ಐದು ನಿಮಿಷ ಇಡು" ಅಂತಾರೆ. ಇಡಬೇಡಿ. ಆಗಲೇ ಇಳಿಸಿ.

ಯಾಕೆಂದರೆ ಬಿಸಿ ಕುಕಿ ಯಾವಾಗಲೂ ಮೆತ್ತಗೇ ಇರುತ್ತದೆ, ನಾಳೆ ಕಲ್ಲಾಗಲಿರುವ ಕುಕಿಯೂ ಸಹ. ಆ ಹೊತ್ತಿನಲ್ಲಿ ಬೆಣ್ಣೆ, ಕೋಕೋ ಬೆಣ್ಣೆ ಎರಡೂ ಎಣ್ಣೆಯಂತಿವೆ, ಸಕ್ಕರೆ ಪಾಕದ ರೂಪದಲ್ಲಿದೆ. ಒಲೆಯ ಮೇಲಿನ ಎರಡು ಪಾಕಗಳನ್ನು ನೆನಪಿಸಿಕೊಳ್ಳಿ. ಮುಟ್ಟಿ ನೋಡಿ ಗಟ್ಟಿಯಾಗಲಿ ಎಂದು ಕಾದರೆ, ಅದು ಗಟ್ಟಿಯಾಗುವ ಹೊತ್ತಿಗೆ ನೀರೆಲ್ಲ ಹೋಗಿ ಆಗಿರುತ್ತದೆ. ನೀರು ಆವಿಯಾಗಿ ಹೋಗುವಾಗ ಗುಪ್ತೋಷ್ಣವನ್ನು ಹೊತ್ತೊಯ್ಯುತ್ತದೆ. ಆದ್ದರಿಂದ ಓವನು 175 ಡಿಗ್ರಿ ಇದ್ದರೂ ಒದ್ದೆ ಇರುವ ನಡುಭಾಗ 100 ಡಿಗ್ರಿ ದಾಟುವುದಿಲ್ಲ, ಒಣಗಿದ ಅಂಚು ಮಾತ್ರ ಮೇಲೇರುತ್ತದೆ. ಹಾಗೆಂದು ನಡುಭಾಗ ಹಸಿ ಎಂದಲ್ಲ. ಮೊಟ್ಟೆ 70 ಡಿಗ್ರಿ ಸುಮಾರಿಗೇ ಗಟ್ಟಿಯಾಗುತ್ತದೆ. ಅಡುಗೆ ಉಷ್ಣತಾಮಾಪಕ ಇದ್ದರೆ ನಡುವಿಗೆ ಚುಚ್ಚಿ ನೋಡಿ. 75 ದಾಟಿದ್ದರೆ ತಿನ್ನಲು ಹೆದರಬೇಕಾಗಿಲ್ಲ. ಬಿಸಿ ತಟ್ಟೆಯಲ್ಲೇ ಇನ್ನೂ ಹತ್ತು ನಿಮಿಷ ಬಿಟ್ಟರೆ ತಟ್ಟೆಯ ಬಿಸಿಯೇ ಉಳಿದ ಕೆಲಸ ಮುಗಿಸುತ್ತದೆ. ಈಗಲೇ ಎತ್ತಲು ಹೋದರೆ ಮುರಿಯುತ್ತದೆ. ಅರ್ಧ ಗಂಟೆಯ ನಂತರ ತಿಂದು ನೋಡಿ, ಮೇಲೆ ತೆಳ್ಳಗೆ ಬಿರುಕುಬಿಟ್ಟ ಸಿಪ್ಪೆ, ಒಳಗೆ ಹಲ್ಲಿಗೆ ಅಂಟುವಂಥ ಚಾಕಲೇಟು.

ನನ್ನ ಮಾತನ್ನು ನಂಬಲೇಬೇಕೆಂದಿಲ್ಲ. ಹದಿನಾಲ್ಕರಲ್ಲಿ ಹನ್ನೆರಡನ್ನು ನಾಲ್ಕು ನಾಲ್ಕರಂತೆ ಮೂರು ಗುಂಪು ಮಾಡಿ, ಉಳಿದೆರಡು ನಿಮ್ಮ ಹೊಟ್ಟೆಗೆ. ಒಂದು ಗುಂಪಿಗೆ 8, ಇನ್ನೊಂದಕ್ಕೆ 10, ಮತ್ತೊಂದಕ್ಕೆ 14 ನಿಮಿಷ ಕೊಡಿ. ಪ್ರತಿ ಗುಂಪನ್ನೂ ಬೇಯಿಸುವ ಮೊದಲು ತೂಗಿ, ಪೂರ್ತಿ ತಣಿದ ಮೇಲೆ ಮತ್ತೆ ತೂಗಿ. ಒಂದೊಂದನ್ನೇ ತೂಗಿದರೆ ಮನೆಯ ತಕ್ಕಡಿಗೆ ವ್ಯತ್ಯಾಸ ಸರಿಯಾಗಿ ಸಿಗುವುದಿಲ್ಲ, ಅದಕ್ಕೇ ನಾಲ್ಕನ್ನು ಒಟ್ಟಿಗೆ ತೂಗುವುದು. ಕಡಿಮೆಯಾದ ತೂಕ ಹೆಚ್ಚುಕಡಿಮೆ ಪೂರಾ ನೀರಿನದ್ದೇ. ಸಮಯವನ್ನು ಅಡ್ಡಗೆರೆಯಲ್ಲಿ, ಹೋದ ನೀರನ್ನು ಉದ್ದಗೆರೆಯಲ್ಲಿ ಗುರುತಿಸಿ ಗ್ರಾಫ್ ಬರೆಯಿರಿ. ಆಮೇಲೆ ಯಾವುದು ಯಾವ ಗುಂಪಿನದ್ದೆಂದು ಹೇಳದೆ ಮನೆಯವರಿಗೆ ತಿನ್ನಿಸಿ, ಮೆತ್ತಗೆ ಎಷ್ಟು ಎಂದು ಐದರಲ್ಲಿ ಅಂಕ ಹಾಕಿಸಿ. 8 ನಿಮಿಷದ್ದು ನಡುವೆ ತೀರಾ ಹಿಟ್ಟಿನಂತೆಯೇ ಇದ್ದರೆ ಯಾರಿಗೂ ಕೊಡದೆ ಇನ್ನೆರಡು ನಿಮಿಷ ಬೇಯಿಸಿ.

ನೀಲಗಿರಿಯ ಮಕ್ಕಳಿಗೆ ಗ್ರಾಫ್ ಬೇರೆಯೇ ಬರಬಹುದು. ಊಟಿ ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಿಮೆ, ನೀರು 92–93 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಕುಕಿಯಿಂದಲೂ ನೀರು ಬೇಗ ಹೋಗುತ್ತದೆ. ಎರಡು ಚಮಚ ಹಾಲು ಹೆಚ್ಚಿಗೆ ಹಾಕಿ ನೋಡಿ. ಚಾಕಲೇಟು ಕರಗದೆ ನಿಲ್ಲುವ ತಂಪು ನಿಮ್ಮಲ್ಲಿದೆ, ಅದು ನಮಗೆ ಏಪ್ರಿಲಿನಲ್ಲಿ ಎಲ್ಲಿಂದ ಬರಬೇಕು!

ಉಳಿದರೆ, ಉಳಿಯುವುದು ಕಷ್ಟ, ಗಾಳಿಯಾಡದ ಡಬ್ಬಿಯಲ್ಲಿಡಿ. ಅದೇ ಕುಕಿ ಬೇಸಿಗೆಯ ಸೊಲ್ಲಾಪುರದಲ್ಲಿ ತೆರೆದಿಟ್ಟರೆ ಒಣಗಿ ಗಟ್ಟಿಯಾಗುತ್ತದೆ, ಜುಲೈಯ ಕಾಸರಗೋಡಿನಲ್ಲಿ ತೆರೆದಿಟ್ಟರೆ ಗಾಳಿಯ ತೇವ ಕುಡಿದು ಕುಸಿಯುತ್ತದೆ. ಗಟ್ಟಿಯಾದದ್ದನ್ನು ಎಸೆಯಬೇಡಿ. ಡಬ್ಬಿಗೆ ಒಂದು ತುಂಡು ಬ್ರೆಡ್ಡು ಹಾಕಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಬ್ರೆಡ್ಡು ಒಣಗಿರುತ್ತದೆ, ಕುಕಿ ಮೆತ್ತಗಾಗಿರುತ್ತದೆ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು, ಯಾಕೆ ಹೋಯಿತು ಎಂಬುದನ್ನು ಎರಡನ್ನೂ ಮೊದಲೂ ಆಮೇಲೂ ತೂಗಿ ನೀವೇ ಬರೆಯಿರಿ.